ತಾತಂದಿರ ಸಾಲ, ಮೊಮ್ಮಕ್ಕಳ ಮತ

ಅಮೆರಿಕದ ವಿಶ್ವವಿದ್ಯಾಲಯಗಳೆಂದರೆ ಎಡಪಂಥೀಯ ಚಳವಳಿಗಳ ತವರು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. 1964ರ ಬರ್ಕ್ಲಿ ವಾಕ್‌ಸ್ವಾತಂತ್ರ್ಯ ಚಳವಳಿ, ವಿಯೆಟ್ನಾಂ ಯುದ್ಧದ ವಿರುದ್ಧದ ಪ್ರದರ್ಶನಗಳು, 2024ರಲ್ಲಿ ಗಾಜಾ ಯುದ್ಧವನ್ನು ವಿರೋಧಿಸಿ ಕಾಲೇಜು ಆವರಣಗಳಲ್ಲಿ ಎದ್ದ ಡೇರೆಗಳು ಈ ಭಾವನೆಗೆ ಕಾರಣ. ಆದರೆ ಅದೇ ಆವರಣಗಳಲ್ಲಿ ಇನ್ನೊಬ್ಬ ವಿದ್ಯಾರ್ಥಿಯೂ ಸದಾ ಇದ್ದಾನೆ. ಸರ್ಕಾರ ಚಿಕ್ಕದಾಗಿರಬೇಕು, ತೆರಿಗೆ ಹಗುರವಾಗಿರಬೇಕು, ಹಿರಿಯರಿಂದ ಬಂದ ಸಂಸ್ಥೆಗಳನ್ನು ಸುಲಭವಾಗಿ ಕೆಡವಬಾರದು ಎಂದು ವಾದಿಸುವ ಸಂಪ್ರದಾಯವಾದಿ ವಿದ್ಯಾರ್ಥಿ ಆತ. ಅವನ ಅಭಿಪ್ರಾಯಗಳನ್ನು ಅರಿಯದೆ ಆ ದೇಶದ ರಾಷ್ಟ್ರರಾಜಕಾರಣವನ್ನು ಅರ್ಥಮಾಡಿಕೊಳ್ಳುವುದು ಕಷ್ಟ. 2023-24ರ ಶೈಕ್ಷಣಿಕ ವರ್ಷದಲ್ಲಿ ಅಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3.31 ಲಕ್ಷ. ಅಲ್ಲಿಯೇ ನೆಲೆಸಿದ ಕನ್ನಡಿಗ ಕುಟುಂಬಗಳ ಮಕ್ಕಳಲ್ಲಿ ಅನೇಕರು ಇಂದು ಆ ದೇಶದ ಮತದಾರರು. ಆದ್ದರಿಂದ ಇದು ನಮಗೆ ತೀರಾ ದೂರದ ವಿಷಯವೂ ಅಲ್ಲ.

ಈ ವಿದ್ಯಾರ್ಥಿಗೆ ಒಂದು ವಂಶಾವಳಿಯಿದೆ. ಯೇಲ್ ವಿಶ್ವವಿದ್ಯಾಲಯದಿಂದ ಆಗಷ್ಟೇ ಹೊರಬಂದಿದ್ದ ವಿಲಿಯಂ ಬಕ್ಲಿ 1951ರಲ್ಲಿ ಪ್ರಕಟಿಸಿದ 'ಗಾಡ್ ಅಂಡ್ ಮ್ಯಾನ್ ಅಟ್ ಯೇಲ್' ಎಂಬ ಗ್ರಂಥದಲ್ಲಿ, ತನ್ನ ಅಧ್ಯಾಪಕರು ಧರ್ಮಶ್ರದ್ಧೆಯನ್ನೂ ಮುಕ್ತ ಮಾರುಕಟ್ಟೆಯನ್ನೂ ಕಡೆಗಣಿಸುತ್ತಿದ್ದಾರೆ ಎಂದು ಆಪಾದಿಸಿದರು. 1955ರಲ್ಲಿ ಅವರೇ 'ನ್ಯಾಷನಲ್ ರಿವ್ಯೂ' ಪತ್ರಿಕೆಯನ್ನು ಆರಂಭಿಸಿದರು. 1960ರ ಸೆಪ್ಟೆಂಬರ್‌ನಲ್ಲಿ ಕನೆಕ್ಟಿಕಟ್ ರಾಜ್ಯದ ಶಾರನ್ ಎಂಬ ಊರಿನಲ್ಲಿದ್ದ ಬಕ್ಲಿ ಕುಟುಂಬದ ಮನೆಯಲ್ಲಿ ನೂರಕ್ಕೆ ಸಮೀಪದ ಯುವಜನರು ಸೇರಿ 'ಯಂಗ್ ಅಮೆರಿಕನ್ಸ್ ಫಾರ್ ಫ್ರೀಡಂ' ಎಂಬ ಸಂಘಟನೆಯನ್ನು ಕಟ್ಟಿದರು. ಆರ್ಥಿಕ ಸ್ವಾತಂತ್ರ್ಯವಿಲ್ಲದೆ ರಾಜಕೀಯ ಸ್ವಾತಂತ್ರ್ಯ ಹೆಚ್ಚು ಕಾಲ ಬಾಳದು, ಆಂತರಿಕ ಶಾಂತಿ, ದೇಶರಕ್ಷಣೆ ಹಾಗೂ ನ್ಯಾಯದಾನಗಳಷ್ಟೇ ಸರ್ಕಾರದ ಸಹಜ ಕರ್ತವ್ಯಗಳು ಎಂಬುದು ಅವರು ಹೊರಡಿಸಿದ ಚಿಕ್ಕ ಹೇಳಿಕೆಯ ತಿರುಳು. ಎಡಪಂಥೀಯ ವಿದ್ಯಾರ್ಥಿಗಳ ಪ್ರಸಿದ್ಧ ಪೋರ್ಟ್ ಹ್ಯೂರನ್ ಹೇಳಿಕೆ ಹೊರಬಂದದ್ದು 1962ರಲ್ಲಿ. ಅಂದರೆ ಅರುವತ್ತರ ದಶಕದ ವಿದ್ಯಾರ್ಥಿ ರಾಜಕಾರಣದಲ್ಲಿ ಪ್ರಣಾಳಿಕೆ ಬರೆಯುವ ಕೆಲಸದಲ್ಲಿ ಬಲಪಂಥೀಯರೇ ಮುಂದಿದ್ದರು.

ಈ ಯುವಜನರ ಆರಾಧ್ಯ ನಾಯಕನಾಗಿದ್ದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ 1964ರ ಅಧ್ಯಕ್ಷೀಯ ಚುನಾವಣೆಯಲ್ಲಿ ಆರೇ ರಾಜ್ಯಗಳನ್ನು ಗೆದ್ದು ಹೀನಾಯವಾಗಿ ಸೋತರು. ಸೋಲಿನಿಂದ ಚಳವಳಿ ಸಾಯಲಿಲ್ಲ. ಅಂದು ಮನೆಮನೆಗೆ ಕರಪತ್ರ ಹಂಚಿದ ಹುಡುಗರು ಪಕ್ಷದ ಕಚೇರಿಗಳನ್ನೂ ಪತ್ರಿಕೆಗಳನ್ನೂ ಸೇರಿಕೊಂಡು, ಹದಿನಾರು ವರ್ಷಗಳ ಅನಂತರ 1980ರಲ್ಲಿ ರೊನಾಲ್ಡ್ ರೇಗನ್‌ರನ್ನು ಶ್ವೇತಭವನಕ್ಕೆ ತಲುಪಿಸುವ ಕೆಲಸದಲ್ಲಿ ಪಾಲುಗೊಂಡರು. ಇಪ್ಪತ್ತರ ಹರೆಯದ ಅಭಿಪ್ರಾಯಗಳೆಲ್ಲ ಸ್ಥಿರವಾಗಿ ಉಳಿಯುತ್ತವೆಂದಲ್ಲ. ಹದಿಹರೆಯದಲ್ಲಿ ಗೋಲ್ಡ್‌ವಾಟರ್ ಪರ ದುಡಿದು, ವೆಲ್ಸ್‌ಲಿ ಕಾಲೇಜಿನಲ್ಲಿ ಯುವ ರಿಪಬ್ಲಿಕನ್ನರ ಘಟಕದ ಅಧ್ಯಕ್ಷೆಯಾಗಿದ್ದ ವಿದ್ಯಾರ್ಥಿನಿಯೇ ಮುಂದೆ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾದ ಹಿಲರಿ ಕ್ಲಿಂಟನ್!

ಯುವಜನರ ಮತ ಯಾರ ಸ್ವತ್ತೂ ಅಲ್ಲ ಎಂಬುದನ್ನು ಚುನಾವಣೆಗಳು ಮತ್ತೆ ಮತ್ತೆ ತೋರಿಸಿವೆ. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯ ಮೂಲಕ ಮತದಾನದ ವಯಸ್ಸು 18ಕ್ಕೆ ಇಳಿದಾಗ, ಹೊಸ ಮತದಾರರು ಯುದ್ಧವಿರೋಧಿ ಅಭ್ಯರ್ಥಿಯನ್ನು ಗೆಲ್ಲಿಸುತ್ತಾರೆಂಬ ನಿರೀಕ್ಷೆ ಹಲವರಿಗಿತ್ತು. ಮರುವರ್ಷ ರಿಚರ್ಡ್ ನಿಕ್ಸನ್ ಐವತ್ತರಲ್ಲಿ 49 ರಾಜ್ಯಗಳನ್ನು ಗೆದ್ದರು. 1984ರಲ್ಲಿ 73 ವರ್ಷದ ರೇಗನ್‌ಗೆ ಯುವ ಮತದಾರರಲ್ಲಿ ಸ್ಪಷ್ಟ ಬಹುಮತ ದೊರೆಯಿತು. 2008ರ ಹೊತ್ತಿಗೆ ಗಾಳಿ ತಿರುಗಿತ್ತು. ಮತಗಟ್ಟೆ ಸಮೀಕ್ಷೆಗಳ ಪ್ರಕಾರ ಮೂವತ್ತರೊಳಗಿನ ಮತದಾರರಲ್ಲಿ ಶೇ 66ರಷ್ಟು ಮಂದಿ ಬರಾಕ್ ಒಬಾಮಾ ಅವರನ್ನು ಬೆಂಬಲಿಸಿದರು. 2020ರಲ್ಲಿ ಇದೇ ವಯೋಮಾನದವರಲ್ಲಿ ಡೆಮಾಕ್ರಟಿಕ್ ಪಕ್ಷಕ್ಕಿದ್ದ ಸುಮಾರು 24 ಅಂಶಗಳ ಮುನ್ನಡೆ 2024ರಲ್ಲಿ ಅರ್ಧಕ್ಕೂ ಕೆಳಗಿಳಿಯಿತು. ವಿಶೇಷವಾಗಿ ಯುವಕರು ಡೊನಾಲ್ಡ್ ಟ್ರಂಪ್ ಕಡೆಗೆ ವಾಲಿದರು.

ಹಾಗಾದರೆ ಈ ವಿದ್ಯಾರ್ಥಿಯ ಅಹವಾಲುಗಳೇನು? ಮೊದಲನೆಯದು ತನ್ನ ಕಾಲೇಜನ್ನು ಕುರಿತದ್ದು. ಅಧ್ಯಾಪಕರಲ್ಲಿ ಬಹುಪಾಲು ಒಂದೇ ಪಕ್ಷದ ಕಡೆಗಿದ್ದಾರೆ, ಭಿನ್ನ ಮಾತನ್ನಾಡಲು ಬಂದವರನ್ನು ಮಾತನಾಡಲು ಬಿಡುವುದಿಲ್ಲ ಎಂಬುದು ಅವನ ದೂರು. ಇದು ಕೇವಲ ಕಲ್ಪನೆಯಲ್ಲ. 2017ರ ಮಾರ್ಚ್‌ನಲ್ಲಿ ವರ್ಮಾಂಟ್ ರಾಜ್ಯದ ಮಿಡಲ್‌ಬರಿ ಕಾಲೇಜಿನಲ್ಲಿ ಲೇಖಕ ಚಾರ್ಲ್ಸ್ ಮರ‍್ರೆ ಅವರ ಭಾಷಣಕ್ಕೆ ವಿದ್ಯಾರ್ಥಿಗಳು ಅಡ್ಡಿಪಡಿಸಿದರು. ಗದ್ದಲದಲ್ಲಿ ಅವರ ಜೊತೆಗಿದ್ದ ಪ್ರಾಧ್ಯಾಪಕಿಯೊಬ್ಬರಿಗೆ ಪೆಟ್ಟಾಯಿತು. ಮರ‍್ರೆಯವರ ವಿಚಾರಗಳು ತೀವ್ರ ಆಕ್ಷೇಪಕ್ಕೆ ಗುರಿಯಾದವು ನಿಜ. ಆದರೆ ತಪ್ಪು ವಾದಕ್ಕೆ ಸರಿಯಾದ ವಾದವೇ ಉತ್ತರವಾಗಬೇಕಾದ ಸ್ಥಳ ವಿಶ್ವವಿದ್ಯಾಲಯವಲ್ಲದೆ ಮತ್ತಾವುದು?

ಎರಡನೆಯದು ಅರ್ಹತೆಯ ಪ್ರಶ್ನೆ. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ಅವನು ವಿರೋಧಿಸುತ್ತ ಬಂದ. 2023ರ ಜೂನ್‌ನಲ್ಲಿ ಹಾರ್ವರ್ಡ್ ಪ್ರಕರಣದ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಪದ್ಧತಿಯನ್ನು ಅಸಾಂವಿಧಾನಿಕವೆಂದು ಸಾರಿತು. ಏಷ್ಯಾ ಮೂಲದ ವಿದ್ಯಾರ್ಥಿಗಳಿಗೆ ಅನ್ಯಾಯವಾಗುತ್ತಿದೆ ಎಂಬುದೇ ಆ ಮೊಕದ್ದಮೆಯ ಕೇಂದ್ರವಾದವಾಗಿತ್ತು. ಮೂರನೆಯದು ಶಿಕ್ಷಣ ಸಾಲದ ಮನ್ನಾ. ಅಧ್ಯಕ್ಷ ಜೋ ಬೈಡನ್ ಪ್ರಕಟಿಸಿದ್ದ ಮನ್ನಾ ಯೋಜನೆಯ ಅಂದಾಜು ವೆಚ್ಚ 40 ಸಾವಿರ ಕೋಟಿ ಡಾಲರ್. ಕಾಲೇಜಿನ ಮೆಟ್ಟಿಲನ್ನೇ ಹತ್ತದ ಕೊಳಾಯಿ ರಿಪೇರಿಯವನ ತೆರಿಗೆಯಿಂದ ಪದವೀಧರನ ಸಾಲವನ್ನೇಕೆ ತೀರಿಸಬೇಕು ಎಂದು ಈ ವಿದ್ಯಾರ್ಥಿ ಕೇಳಿದ. ಅರ್ಥಶಾಸ್ತ್ರದ ದೃಷ್ಟಿಯಿಂದ ಇದು ಸುಲಭವಾಗಿ ತಳ್ಳಿಹಾಕಬಹುದಾದ ಪ್ರಶ್ನೆಯಲ್ಲ. ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ಆ ಯೋಜನೆಯನ್ನೂ ರದ್ದುಗೊಳಿಸಿತು.

ನಾಲ್ಕನೆಯದು ಚುನಾವಣಾ ಪದ್ಧತಿ. ಅಮೆರಿಕದ ಅಧ್ಯಕ್ಷರನ್ನು ಜನರ ಒಟ್ಟು ಮತಗಳು ನೇರವಾಗಿ ಆರಿಸುವುದಿಲ್ಲ. ರಾಜ್ಯವಾರು ಹಂಚಿಕೆಯಾದ 538 ಮತಗಳ ಚುನಾಯಕ ಮಂಡಲಿ ಆರಿಸುತ್ತದೆ. ಗೆಲುವಿಗೆ 270 ಮತಗಳು ಬೇಕು. 2000 ಮತ್ತು 2016ರಲ್ಲಿ ಹೆಚ್ಚು ಜನಮತ ಪಡೆದವರು ಸೋತಾಗ ಈ ಪದ್ಧತಿಯನ್ನು ಕಿತ್ತೊಗೆಯಬೇಕೆಂಬ ಕೂಗೆದ್ದಿತು. ನಮ್ಮ ಸಂಪ್ರದಾಯವಾದಿ ವಿದ್ಯಾರ್ಥಿ ಅದನ್ನು ಸಮರ್ಥಿಸುತ್ತಾನೆ. ದೇಶವೆಂದರೆ ರಾಜ್ಯಗಳ ಒಕ್ಕೂಟ, ದೊಡ್ಡ ನಗರಗಳ ಮತಗಳೇ ಎಲ್ಲವನ್ನೂ ನಿರ್ಧರಿಸಬಾರದು ಎಂಬುದು ಅವನ ವಾದ. ಲೋಕಸಭಾ ಕ್ಷೇತ್ರಗಳ ಪುನರ್ವಿಂಗಡಣೆಯಿಂದ ದಕ್ಷಿಣದ ರಾಜ್ಯಗಳ ದನಿ ಕುಗ್ಗೀತೆಂದು ಆತಂಕಪಡುವ ಕರ್ನಾಟಕದ ಓದುಗರಿಗೆ ಈ ವಾದದ ಹಿಂದಿನ ಒಕ್ಕೂಟ ಭಾವನೆ ಅಪರಿಚಿತವೇನಲ್ಲ.

ಈ ಅಭಿಪ್ರಾಯಗಳನ್ನು ಒಪ್ಪಬಹುದು, ಬಿಡಬಹುದು. ಇವುಗಳ ಹಿಂದೆ ತತ್ವವೊಂದಿದೆ ಎಂಬುದನ್ನಂತೂ ಒಪ್ಪಲೇಬೇಕು. ಆದರೆ ತತ್ವದ ಪರೀಕ್ಷೆ ನಡೆಯುವುದು ವಿರೋಧಪಕ್ಷದಲ್ಲಿದ್ದಾಗಲ್ಲ, ತನ್ನವರು ಅಧಿಕಾರಕ್ಕೆ ಬಂದಾಗ. 2025ರಲ್ಲಿ ಆ ಪರೀಕ್ಷೆ ಬಂದಿತು. ವಾಕ್‌ಸ್ವಾತಂತ್ರ್ಯಕ್ಕಾಗಿ ದನಿಯೆತ್ತಿದವರ ಸರ್ಕಾರವೇ ಆ ವರ್ಷದ ಮಾರ್ಚ್‌ನಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದ ಪ್ಯಾಲೆಸ್ತೀನ್ ಪರ ಚಳವಳಿಯ ಮುಂದಾಳಾಗಿದ್ದ, ಕಾಯಂ ವಾಸದ ಪರವಾನಗಿಯಿದ್ದ ಮಹಮೂದ್ ಖಲೀಲ್ ಎಂಬಾತನನ್ನು ಗಡೀಪಾರಿಗೆಂದು ಬಂಧಿಸಿತು. ಮುಕ್ತ ಮಾರುಕಟ್ಟೆಯನ್ನು ಪಠಿಸಿದವರ ಪಕ್ಷವೇ ಏಪ್ರಿಲ್‌ನಲ್ಲಿ ಜಗತ್ತಿನ ಬಹುತೇಕ ದೇಶಗಳ ಸರಕಿನ ಮೇಲೆ ಸುಂಕದ ಗೋಡೆ ಎಬ್ಬಿಸಿತು. ಮಿಲ್ಟನ್ ಫ್ರೀಡ್‌ಮನ್ ಅವರ 'ಕ್ಯಾಪಿಟಲಿಸಂ ಅಂಡ್ ಫ್ರೀಡಂ' 1962ರಿಂದ ಈ ಚಳವಳಿಯ ಪಠ್ಯವಾಗಿತ್ತು. ಆ ಪಠ್ಯದಲ್ಲಿ ಇಂಥ ಸುಂಕಕ್ಕೆ ಜಾಗವಿಲ್ಲ.

ವಲಸೆಯ ವಿಷಯದಲ್ಲಿ ಈ ಬಿರುಕು ಇನ್ನೂ ಸ್ಪಷ್ಟ. 2024ರ ಡಿಸೆಂಬರ್‌ನಲ್ಲಿ ಎಚ್-1ಬಿ ವೀಸಾ ಕುರಿತು ಟ್ರಂಪ್ ಬೆಂಬಲಿಗರೇ ಎರಡಾದರು. ಪ್ರತಿಭೆ ಎಲ್ಲಿಂದ ಬಂದರೂ ಸ್ವಾಗತಿಸಬೇಕೆಂದು ಉದ್ಯಮಿಗಳ ಬಣ ಹೇಳಿದರೆ, ದೇಶದ ಮಕ್ಕಳಿಗೇ ಕೆಲಸ ಮೊದಲು ಎಂದು ಇನ್ನೊಂದು ಬಣ ಗುಡುಗಿತು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸುವ ಘೋಷಣೆ ಹೊರಬಿದ್ದಾಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳೂ ಪೋಷಕರೂ ಬೆಚ್ಚಿಬಿದ್ದದ್ದು ಇದರ ಫಲ. ಮಾರುಕಟ್ಟೆಯನ್ನು ನಂಬುವ ಸಂಪ್ರದಾಯವಾದಿ ಮತ್ತು ರಾಷ್ಟ್ರವನ್ನು ನಂಬುವ ಸಂಪ್ರದಾಯವಾದಿ ಒಂದೇ ಪಕ್ಷದಲ್ಲಿದ್ದರೂ ಒಂದೇ ಮಾತನಾಡುವವರಲ್ಲ.

ಇವೆಲ್ಲಕ್ಕಿಂತ ದೊಡ್ಡ ವಿರೋಧಾಭಾಸವೊಂದಿದೆ. ಅದು ಸಾಲದ್ದು. ಸಂಪ್ರದಾಯವಾದದ ಮೂಲಪುರುಷನೆನಿಸಿದ ಎಡ್ಮಂಡ್ ಬರ್ಕ್ 1790ರಷ್ಟು ಹಿಂದೆಯೇ ಸಮಾಜವನ್ನು ಗತಿಸಿದವರು, ಬದುಕಿರುವವರು ಮತ್ತು ಇನ್ನೂ ಹುಟ್ಟಬೇಕಾದವರ ನಡುವಿನ ಪಾಲುದಾರಿಕೆಯೆಂದು ಕಂಡಿದ್ದ. ಈ ಮಾತಿಗೆ ಲೆಕ್ಕಪತ್ರದ ಭಾಷೆಯಲ್ಲಿ ಒಂದೇ ಅರ್ಥ: ಇನ್ನೂ ಮತವಿಲ್ಲದವರ ಹೆಸರಿನಲ್ಲಿ ಸಾಲ ಮಾಡಿ ಇಂದಿನವರು ಸುಖಪಡಬಾರದು. ಸಂಪ್ರದಾಯವಾದಿ ವಿದ್ಯಾರ್ಥಿಯ ವಾದಗಳಲ್ಲೆಲ್ಲ ಅತ್ಯಂತ ಬಲವಾದದ್ದು ಇದು. ಏಕೆಂದರೆ ಇಲ್ಲಿ ಅವನು ತನ್ನ ಪಾಲನ್ನೇ ಕೇಳುತ್ತಿದ್ದಾನೆ.

ಅಂಕಿಅಂಶಗಳನ್ನು ನೋಡೋಣ. 1998ರಿಂದ 2001ರವರೆಗೆ ಸತತ ನಾಲ್ಕು ವರ್ಷ ಅಮೆರಿಕದ ಕೇಂದ್ರ ಸರ್ಕಾರದ ಬಜೆಟ್ಟಿನಲ್ಲಿ ಖರ್ಚಿಗಿಂತ ಆದಾಯ ಹೆಚ್ಚಿತ್ತು. 2001ರ ಆರಂಭದಲ್ಲಿ ಒಟ್ಟು ಸಾಲ ಸುಮಾರು 5.7 ಲಕ್ಷ ಕೋಟಿ ಡಾಲರ್. ಅನಂತರ ತೆರಿಗೆ ಕಡಿತ, ಎರಡು ಯುದ್ಧಗಳು, ವೃದ್ಧರ ಔಷಧ ವೆಚ್ಚದ ಹೊಸ ಯೋಜನೆ, 2008ರ ಆರ್ಥಿಕ ಕುಸಿತ ಒಂದರ ಹಿಂದೊಂದು ಬಂದವು. 2009ರ ಆರಂಭಕ್ಕೆ ಸಾಲ 10.6 ಲಕ್ಷ ಕೋಟಿ, 2017ಕ್ಕೆ 19.9 ಲಕ್ಷ ಕೋಟಿ, ಕೋವಿಡ್ ವರ್ಷ ಕಳೆದು 2021ಕ್ಕೆ 27 ಲಕ್ಷ ಕೋಟಿಗೂ ಮೇಲೆ, 2025ರ ಆರಂಭಕ್ಕೆ 36 ಲಕ್ಷ ಕೋಟಿ ಡಾಲರ್ ಆಯಿತು. 2025ರ ಅಕ್ಟೋಬರ್‌ನಲ್ಲಿ ಅದು 38 ಲಕ್ಷ ಕೋಟಿಯನ್ನು ದಾಟಿತು. ಜನಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಒಂದು ಲಕ್ಷ ಡಾಲರಿಗೂ ಹೆಚ್ಚು. ಇದರಲ್ಲಿ ಬುಷ್, ಒಬಾಮಾ, ಟ್ರಂಪ್, ಬೈಡನ್ ನಾಲ್ವರ ಪಾಲೂ ಇದೆ. ಯಾವ ಪಕ್ಷವೂ ಕೈತೊಳೆದುಕೊಳ್ಳುವಂತಿಲ್ಲ.

2024ರ ಹಣಕಾಸು ವರ್ಷದಲ್ಲಿ ಆ ಸರ್ಕಾರ ಬಡ್ಡಿಗೆಂದೇ ಸುಮಾರು 88 ಸಾವಿರ ಕೋಟಿ ಡಾಲರ್ ತೆತ್ತಿತು. ಇದು ಸೇನೆಗೆ ಜಗತ್ತಿನಲ್ಲೇ ಅತಿ ಹೆಚ್ಚು ಹಣ ಸುರಿಯುವ ಆ ದೇಶದ ರಕ್ಷಣಾ ವೆಚ್ಚಕ್ಕಿಂತಲೂ ಹೆಚ್ಚು. ಬಡ್ಡಿಯ ಹಣದಿಂದ ಶಾಲೆಯೂ ಕಟ್ಟಲಾಗದು, ಸೇತುವೆಯೂ ಕಟ್ಟಲಾಗದು. ಅದು ನಿನ್ನೆ ಉಂಡ ಊಟಕ್ಕೆ ನಾಳೆ ತೆರುವ ಬೆಲೆ.

ಇಂಥ ಸ್ಥಿತಿಯಲ್ಲಿ 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ತೆರಿಗೆ ಮತ್ತು ವೆಚ್ಚದ ಬೃಹತ್ ಕಾಯ್ದೆ ಹತ್ತು ವರ್ಷಗಳಲ್ಲಿ ವಿತ್ತೀಯ ಕೊರತೆಗೆ 3.4 ಲಕ್ಷ ಕೋಟಿ ಡಾಲರ್ ಸೇರಿಸುತ್ತದೆಂದು ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿಯೇ ಅಂದಾಜು ಮಾಡಿತು. ಶಿಕ್ಷಣ ಸಾಲ ಮನ್ನಾ ಯೋಜನೆಯ ವೆಚ್ಚಕ್ಕೆ ಹೋಲಿಸಿದರೆ ಇದು ಎಂಟು ಪಟ್ಟಿಗೂ ಮಿಗಿಲು. ಮನ್ನಾ ಯೋಜನೆಯನ್ನು ಹೊಣೆಗೇಡಿತನವೆಂದು ಜರೆದ ಪಕ್ಷ ಇದನ್ನು ಸಾಧನೆಯೆಂದು ಸಾರಿತು. ಕೆಂಟಕಿ ರಾಜ್ಯದ ಸೆನೆಟರ್ ರ‍್ಯಾಂಡ್ ಪಾಲ್, ಪ್ರತಿನಿಧಿ ಥಾಮಸ್ ಮ್ಯಾಸಿ ಅವರಂಥ ಬೆರಳೆಣಿಕೆಯ ರಿಪಬ್ಲಿಕನ್ನರು ಮಾತ್ರ ಸಾಲದ ಹೆಸರೆತ್ತಿ ವಿರೋಧಿಸಿದರು. ಸೆನೆಟ್‌ನಲ್ಲಿ ಸಮಸಮ ಮತಗಳಾಗಿ, ಉಪಾಧ್ಯಕ್ಷ ಜೆ.ಡಿ. ವಾನ್ಸ್ ಅವರ ನಿರ್ಣಾಯಕ ಮತದಿಂದ ಮಸೂದೆ ಪಾಸಾಯಿತು.

ವೃದ್ಧಾಪ್ಯ ಪಿಂಚಣಿಯ ಕತೆಯೂ ಹೀಗೆಯೇ. 1935ರಲ್ಲಿ ಆರಂಭವಾದ ಸಾಮಾಜಿಕ ಭದ್ರತಾ ವ್ಯವಸ್ಥೆಯಲ್ಲಿ ಇಂದು ದುಡಿಯುವವರ ವಂತಿಗೆಯಿಂದ ಇಂದಿನ ವೃದ್ಧರಿಗೆ ಪಿಂಚಣಿ ಸಲ್ಲುತ್ತದೆ. ದುಡಿಯುವವರ ಸಂಖ್ಯೆ ಹೆಚ್ಚಿದ್ದಾಗ ಕೂಡಿಟ್ಟ ನಿಧಿ 2033ರಲ್ಲಿ ಬರಿದಾಗುತ್ತದೆಂದೂ, ಆಗ ಬರುವ ವಂತಿಗೆಯಿಂದ ಶೇ 77ರಷ್ಟು ಪಿಂಚಣಿಯನ್ನಷ್ಟೇ ಕೊಡಲಾದೀತೆಂದೂ ಅದರ ಧರ್ಮದರ್ಶಿಗಳ 2025ರ ವರದಿ ಎಚ್ಚರಿಸಿದೆ. ಜಾರ್ಜ್ ಬುಷ್ 2005ರಲ್ಲಿ ಒಂದು ಸುಧಾರಣೆಗೆ ಯತ್ನಿಸಿ ಕೈಸುಟ್ಟುಕೊಂಡರು. ಆ ಮೇಲೆ ಎರಡೂ ಪಕ್ಷಗಳ ನಾಯಕರು ಅದನ್ನು ಮುಟ್ಟುವುದಿಲ್ಲವೆಂದು ಮಾತು ಕೊಡುವುದರಲ್ಲಿ ಪೈಪೋಟಿಗಿಳಿದಿದ್ದಾರೆ. ಇಂದು ಇಪ್ಪತ್ತರ ಆಸುಪಾಸಿನಲ್ಲಿರುವ ವಿದ್ಯಾರ್ಥಿ ಮೂವತ್ತರ ಹೊಸ್ತಿಲಿಗೆ ಬರುವ ಹೊತ್ತಿಗೆ ಈ ಬಿಲ್ಲು ಅವನ ಕೈಗೆ ಬರುತ್ತದೆ.

ಕಾರಣ ಸರಳ. ರಾಜಕಾರಣಿಗಳು ಮತ ಹಾಕುವವರ ಮಾತು ಕೇಳುತ್ತಾರೆ. 2020ರ ಚುನಾವಣೆಯಲ್ಲಿ ಅಮೆರಿಕದ 18ರಿಂದ 24 ವರ್ಷದವರಲ್ಲಿ ಮತ ಹಾಕಿದವರು ಶೇ 51 ಮಾತ್ರ. 65ರಿಂದ 74 ವರ್ಷದವರಲ್ಲಿ ಈ ಪ್ರಮಾಣ ಶೇ 76. ಓದುತ್ತಿರುವ ಊರಿನಲ್ಲಿಯೇ ಮತದಾರರಾಗುವ ಹಕ್ಕನ್ನು ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋಗಿ 1979ರಲ್ಲಿ ಗಟ್ಟಿಮಾಡಿಕೊಂಡರು. ಹಕ್ಕನ್ನು ಪಡೆದಷ್ಟು ಉತ್ಸಾಹದಿಂದ ಬಳಸಲಿಲ್ಲ. ಬಳಸಿದವರೂ ಯಾವ ವಿಷಯಕ್ಕಾಗಿ ಬಳಸಿದರು ಎಂಬುದು ಇನ್ನೊಂದು ಪ್ರಶ್ನೆ. ಕಾಲೇಜು ರಾಜಕಾರಣದಲ್ಲಿ ಸದ್ದು ಮಾಡುವುದು ಸಂಸ್ಕೃತಿಯ ಜಗಳಗಳು. ಆಯವ್ಯಯದ ಪುಟಗಳು ಯಾರ ರಕ್ತವನ್ನೂ ಕುದಿಸುವುದಿಲ್ಲ. ವೃದ್ಧನು ತನ್ನ ಪಿಂಚಣಿಗಾಗಿ ಮತ ಹಾಕುತ್ತಾನೆ. ವಿದ್ಯಾರ್ಥಿಯು ತನ್ನ ಸಿಟ್ಟಿಗಾಗಿ ಮತ ಹಾಕುತ್ತಾನೆ. ಲೆಕ್ಕ ಯಾರ ಪರವಾಗಿ ಚುಕ್ತಾ ಆಗುತ್ತದೆಂದು ಊಹಿಸಲು ಪಾಂಡಿತ್ಯ ಬೇಕಿಲ್ಲ.

ಇದಕ್ಕೆ ಪ್ರತಿವಾದವಿಲ್ಲದಿಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ, 1946ರಲ್ಲಿ, ಅಮೆರಿಕದ ಸಾರ್ವಜನಿಕ ಸಾಲ ರಾಷ್ಟ್ರೀಯ ಉತ್ಪನ್ನದ ಶೇ 106ರಷ್ಟಿತ್ತು. ಎಪ್ಪತ್ತರ ದಶಕದ ಮಧ್ಯದ ಹೊತ್ತಿಗೆ ಅದು ಕಾಲುಭಾಗಕ್ಕೆ ಇಳಿಯಿತು. ಆರ್ಥಿಕತೆ ಬೆಳೆದರೆ ಸಾಲ ತಾನಾಗಿ ಕರಗುತ್ತದೆ, ತೆರಿಗೆ ಇಳಿಸಿದರೆ ಆರ್ಥಿಕತೆ ಬೆಳೆಯುತ್ತದೆ ಎಂದು ಸಂಪ್ರದಾಯವಾದಿ ವಿದ್ಯಾರ್ಥಿ ವಾದಿಸಬಹುದು. ಆದರೆ ಅಂದಿನ ಸಾಲ ಯುದ್ಧದ್ದು, ಯುದ್ಧದೊಡನೆ ಅದರ ಕಾರಣವೂ ಮುಗಿದಿತ್ತು. ಅಂದಿನ ಸಮಾಜ ಯುವಸಮಾಜವಾಗಿತ್ತು. ಇಂದಿನ ಸಾಲ ಶಾಂತಿಕಾಲದ ದಿನನಿತ್ಯದ ಖರ್ಚಿನದು, ಸಮಾಜಕ್ಕೆ ವಯಸ್ಸಾಗುತ್ತಿದೆ. ಅಂದಿನ ಉದಾಹರಣೆ ಇಂದಿಗೆ ಪೂರ್ತಿ ಒಗ್ಗುವುದಿಲ್ಲ.

ಚರ್ಚೆಯ ದಾರಿಯೇ ಮುಚ್ಚಿಹೋಗುವ ಅಪಾಯವೂ ಇದೆ. 2012ರಲ್ಲಿ ತನ್ನ ಹದಿನೆಂಟನೆಯ ವಯಸ್ಸಿನಲ್ಲಿ 'ಟರ್ನಿಂಗ್ ಪಾಯಿಂಟ್ ಯುಎಸ್ಎ' ಸಂಘಟನೆಯನ್ನು ಸ್ಥಾಪಿಸಿ, ಕಾಲೇಜುಗಳಿಗೆ ಹೋಗಿ ವಿರೋಧಿಗಳೊಡನೆ ವಾದಕ್ಕಿಳಿಯುತ್ತಿದ್ದ ಚಾರ್ಲಿ ಕರ್ಕ್ 2025ರ ಸೆಪ್ಟೆಂಬರ್ 10ರಂದು ಯೂಟಾ ವ್ಯಾಲಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದಾಗಲೇ ಗುಂಡಿಗೆ ಬಲಿಯಾದರು. ಆಗ ಅವರಿಗೆ 31 ವರ್ಷ. ಅವರ ಮಾತುಗಳಲ್ಲಿ ಅನೇಕವನ್ನು ಒಪ್ಪದವರೂ ಆ ಹತ್ಯೆಯನ್ನು ಖಂಡಿಸಿದರು, ಖಂಡಿಸಬೇಕಾದದ್ದೇ. ಮೈಕಿನ ಮುಂದೆ ನಿಂತವನಿಗೆ ಗುಂಡಿನ ಉತ್ತರ ಸಿಕ್ಕ ದಿನ ಪ್ರಶ್ನೆ ಕೇಳಲು ಸಾಲಿನಲ್ಲಿ ನಿಂತವನ ಹಕ್ಕೂ ಸಾಯುತ್ತದೆ.

ನಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳಬೇಕು. ಮುಂದಿನ ಪೀಳಿಗೆಗೆ ಹೊರೆ ದಾಟಿಸಬಾರದೆಂಬ ತತ್ವದಿಂದಲೇ ಭಾರತ 2003ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ತಂದಿತು. 2004ರಿಂದ ಕೇಂದ್ರದ ಹೊಸ ನೌಕರರಿಗೆ, 2006ರಿಂದ ಕರ್ನಾಟಕದ ಹೊಸ ನೌಕರರಿಗೆ ವಂತಿಗೆ ಆಧಾರಿತ ಪಿಂಚಣಿ ಜಾರಿಗೆ ಬಂದಿತು. 2022ರಿಂದೀಚೆಗೆ ಹಲವು ರಾಜ್ಯಗಳು ಹಳೆಯ ಪಿಂಚಣಿಗೆ ಮರಳುವ ನಿರ್ಧಾರ ಪ್ರಕಟಿಸಿದಾಗ ಅದರ ಬೆಲೆ ಯಾರು ತೆರುತ್ತಾರೆಂದು ನಮ್ಮ ಕಾಲೇಜುಗಳಲ್ಲಿ ಯಾವ ಪಂಥದ ವಿದ್ಯಾರ್ಥಿ ಸಂಘಟನೆಯೂ ದೊಡ್ಡ ದನಿಯಲ್ಲಿ ಕೇಳಿದಂತಿಲ್ಲ. ಹಳೆಯ ಪಿಂಚಣಿಯನ್ನೇ ಪಡೆಯುತ್ತಿರುವ ನನ್ನಂಥವರು ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲು ಸಿದ್ಧರಿರಬೇಕು.

ಅಮೆರಿಕದ ಸಂಪ್ರದಾಯವಾದಿ ವಿದ್ಯಾರ್ಥಿಯ ಮುಂದಿರುವ ಆಯ್ಕೆ ಸ್ಪಷ್ಟವಾಗಿದೆ. 1960ರಲ್ಲಿ ಅವನ ಪೂರ್ವಿಕರು ತಮ್ಮ ತತ್ವಗಳನ್ನು ಕಾಗದದ ಮೇಲೆ ಬರೆದು, ನಾಯಕನಿಗಿಂತ ತತ್ವವನ್ನು ಮುಂದಿಟ್ಟರು. ಇಂದು ಈ ಕ್ರಮ ತಲೆಕೆಳಗಾಗಿದೆ. ನಾಯಕ ಮೊದಲು, ತತ್ವ ಆಮೇಲೆ. 2028ರ ಅಧ್ಯಕ್ಷೀಯ ಚುನಾವಣೆಗೆ ಮತ ಕೇಳಲು ಬರುವ ಅಭ್ಯರ್ಥಿ ಯಾವ ಪಕ್ಷದವರಾದರೂ ಸರಿ, ಈ ಸಾಲವನ್ನು ಯಾವ ವರ್ಷದಿಂದ, ಯಾರ ಹಣದಿಂದ ಇಳಿಸುತ್ತೀರಿ ಎಂದು ಅವನು ಕೇಳಬೇಕು. ಉತ್ತರ ಸಿಗುವವರೆಗೆ ಮತವನ್ನು ತನ್ನ ಬಳಿಯೇ ಇಟ್ಟುಕೊಳ್ಳಬೇಕು. ಸಾಲಪತ್ರದಲ್ಲಿ ಅವನ ಹೆಸರು ಈಗಾಗಲೇ ಬರೆದಾಗಿದೆ. ಷರತ್ತುಗಳನ್ನು ಓದಿ ನೋಡುವ ಹಕ್ಕನ್ನಾದರೂ ಅವನು ಬಿಟ್ಟುಕೊಡಬಾರದು.